ತಾನಾಗಿ ಕಪ್ಪಾಗುವ ವೆಲ್ಡಿಂಗ್ ಹೆಲ್ಮೆಟ್: ದುರಸ್ತಿ ಯಾವುದಕ್ಕೆ, ಬದಲಾವಣೆ ಯಾವುದಕ್ಕೆ?

ಮುಂಗಾರಿನ ಹದ ಮಳೆ ಬಿದ್ದ ಮೇಲೆ ಬಿತ್ತನೆಗೆ ದೊರೆಯುವ ಕಾಲಾವಕಾಶ ಬಹಳ ಕಡಿಮೆ. ಅದೇ ದಿನಗಳಲ್ಲಿ ಕಲ್ಟಿವೇಟರಿನ ಹಲ್ಲು ಮುರಿಯುವುದು, ಕೂರಿಗೆಯ ಚೌಕಟ್ಟು ಬಿರುಕು ಬಿಡುವುದು, ಟ್ರೇಲರಿನ ಕೊಂಡಿ ಕಿತ್ತುಬರುವುದು ರೈತರೆಲ್ಲರ ಅನುಭವ. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಸರದಿ ಕಾಯುವ ಬದಲು ಸಣ್ಣ ಇನ್ವರ್ಟರ್ ವೆಲ್ಡಿಂಗ್ ಯಂತ್ರವನ್ನು ಮನೆಯಲ್ಲಿಯೇ ಇರಿಸಿಕೊಂಡಿರುವ ರೈತರು ಈಗ ಅಪರೂಪವಲ್ಲ. ಅದರೊಂದಿಗೆ, ಕಿಡಿ ಹೊತ್ತಿದೊಡನೆ ತಾನಾಗಿಯೇ ಕಪ್ಪಾಗುವ ಹೆಲ್ಮೆಟ್ ಕೂಡ ಹಳ್ಳಿಗಳನ್ನು ತಲುಪಿದೆ.

ಬೇಸಾಯಶಾಸ್ತ್ರದ ವಿಜ್ಞಾನಿ ಹೆಲ್ಮೆಟ್ಟಿನ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಬಿತ್ತನೆಯ ಹದ, ಬೀಜದ ಪ್ರಮಾಣಗಳನ್ನು ಕುರಿತು ಬರುವ ದೂರವಾಣಿ ಕರೆಗಳ ನಡುವೆ ‘ರಾತ್ರಿಯಿಡೀ ಕಣ್ಣಿಗೆ ಮರಳು ಹಾಕಿದಂತೆ ಉರಿ, ನಾಳೆ ಬಿತ್ತನೆ ಹೇಗೆ?’ ಎಂಬ ಕರೆಯೂ ಬರುವುದರಿಂದ ಈ ಲೇಖನ ಅಗತ್ಯವೆನಿಸಿತು. ಹಳೆಯ ಕೈಗುರಾಣಿಯ ಕಪ್ಪು ಗಾಜು ಒಡೆದರೆ ಕಣ್ಣಿಗೆ ಕಾಣುತ್ತದೆ. ತಾನಾಗಿ ಕಪ್ಪಾಗುವ ಹೆಲ್ಮೆಟ್ ಹಾಗಲ್ಲ. ಅದು ಕೆಟ್ಟಿದ್ದರೂ ನೋಡಲು ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ತಿಳಿಯುವುದು ಕಿಡಿ ಹೊತ್ತಿದ ಮೇಲೆ.

ಹೆಲ್ಮೆಟ್ಟಿನೊಳಗೆ ನಡೆಯುವುದೇನು?

ಹೆಲ್ಮೆಟ್ಟಿನ ಕಿಟಕಿಯಲ್ಲಿರುವ ಕಪ್ಪು ಪೆಟ್ಟಿಗೆಯನ್ನು ಫಿಲ್ಟರ್ ಅಥವಾ ಕಾರ್ಟ್ರಿಜ್ ಎನ್ನುತ್ತಾರೆ. ಅದರಲ್ಲಿ ಹಲವು ಪದರಗಳಿವೆ. ಮುಂಭಾಗದಲ್ಲಿರುವ ಲೇಪಿತ ಗಾಜು ನೇರಳಾತೀತ ಮತ್ತು ಅವಕೆಂಪು ಕಿರಣಗಳನ್ನು ತಡೆಯುತ್ತದೆ. ಅದರ ಹಿಂದೆ ದ್ರವ ಸ್ಫಟಿಕದ ಪದರಗಳಿವೆ. ಗಡಿಯಾರ ಮತ್ತು ಕ್ಯಾಲ್ಕುಲೇಟರುಗಳಲ್ಲಿ ಅಂಕಿ ಮೂಡಿಸುವ ವಸ್ತುವೇ ಇದು. ಹಣೆಯ ಭಾಗದಲ್ಲಿರುವ ಎರಡು ಅಥವಾ ನಾಲ್ಕು ಸಂವೇದಕಗಳು ಕಿಡಿಯನ್ನು ಗುರುತಿಸಿದೊಡನೆ ಸ್ಫಟಿಕಕ್ಕೆ ವಿದ್ಯುತ್ ಹರಿದು ಗಾಜು ಕಪ್ಪಾಗುತ್ತದೆ. ಇದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ನಾವು ರೆಪ್ಪೆ ಮುಚ್ಚಬೇಕಾದರೆ ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಬೇಕು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು, ನೇರಳಾತೀತ ಮತ್ತು ಅವಕೆಂಪು ಕಿರಣಗಳ ತಡೆ. ಸಾಚಾ ಫಿಲ್ಟರಿನಲ್ಲಿ ಇದು ಸದಾ ಇರುತ್ತದೆ. ಸೆಲ್ ಸತ್ತಿದ್ದರೂ, ಗಾಜು ತಿಳಿಯಾಗಿಯೇ ಉಳಿದರೂ ಇರುತ್ತದೆ. ಆದ್ದರಿಂದ ಒಂದು ಬಾರಿ ಹೆಲ್ಮೆಟ್ ಕೈಕೊಟ್ಟು ಕಣ್ಣು ಕೋರೈಸಿದರೆ ದೃಷ್ಟಿಯೇ ಹೋಯಿತೆಂದು ಗಾಬರಿಪಡಬೇಕಾಗಿಲ್ಲ. ಎರಡನೆಯದು, ಕಣ್ಣಿಗೆ ಕಾಣುವ ಬೆಳಕಿನ ತಡೆ. ಇದು ಸಂಪೂರ್ಣವಾಗಿ ವಿದ್ಯುತ್ತನ್ನು ಅವಲಂಬಿಸಿದೆ. ಬಹುಪಾಲು ಮಾದರಿಗಳಲ್ಲಿ ವಿದ್ಯುತ್ ಇಲ್ಲವಾದರೆ ಗಾಜು 3 ಅಥವಾ 4ನೇ ಶೇಡ್‌ನಲ್ಲಿಯೇ ನಿಲ್ಲುತ್ತದೆ. ಶೇಡ್ ಸಂಖ್ಯೆಯ ಲೆಕ್ಕ ಸಾಮಾನ್ಯ ಏರಿಕೆಯದಲ್ಲ. ಒಂದು ಸಂಖ್ಯೆ ಹೆಚ್ಚಿದರೆ ಒಳಬರುವ ಬೆಳಕು ಸುಮಾರು ಎರಡೂವರೆ ಪಟ್ಟಿಗಿಂತ ಹೆಚ್ಚು ತಗ್ಗುತ್ತದೆ. ಈ ಲೆಕ್ಕದಲ್ಲಿ 11ರ ಬದಲು 4ರಲ್ಲಿಯೇ ನಿಂತ ಹೆಲ್ಮೆಟ್ ಸಾವಿರ ಪಟ್ಟು ಹೆಚ್ಚು ಬೆಳಕನ್ನು ಕಣ್ಣಿಗೆ ಬಿಡುತ್ತದೆ. ‘ಇನ್ನೊಂದೇ ಬೆಸುಗೆ, ಮುಗಿಸಿಬಿಡೋಣ’ ಎಂದು ಅಂಥ ಹೆಲ್ಮೆಟ್ಟಿನಲ್ಲಿ ಕೆಲಸ ಮುಂದುವರಿಸಿದರೆ ಅಕ್ಷಿಪಟಕ್ಕೆ ಶಾಶ್ವತ ಹಾನಿಯಾಗುವ ಸಂಭವವಿದೆ.

ಹೆಲ್ಮೆಟ್ ಕಪ್ಪಾಗದಿದ್ದರೆ ಮೊದಲು ನೋಡಬೇಕಾದದ್ದು

ಕೆಟ್ಟಿದೆಯೆಂದು ತೀರ್ಮಾನಿಸುವ ಮುನ್ನ ಗ್ರೈಂಡಿಂಗ್ ಗುಂಡಿಯನ್ನು ನೋಡಿರಿ. ಗ್ರೈಂಡರ್ ಬಳಸುವಾಗ ಕಿಡಿಗಳಿಗೆ ಗಾಜು ಕಪ್ಪಾಗಬಾರದೆಂದು ಹಲವು ಹೆಲ್ಮೆಟ್ಟುಗಳಲ್ಲಿ ಈ ಸೌಲಭ್ಯವಿರುತ್ತದೆ. ಬೆಸುಗೆಯ ಅಂಚನ್ನು ಉಜ್ಜಿ, ಗುಂಡಿಯನ್ನು ಮತ್ತೆ ವೆಲ್ಡಿಂಗ್ ಸ್ಥಾನಕ್ಕೆ ತಿರುಗಿಸುವುದನ್ನು ಮರೆತರೆ ಮುಂದಿನ ಕಿಡಿ ನೇರವಾಗಿ ಕಣ್ಣಿಗೆ ಬೀಳುತ್ತದೆ. ಒಂದು ತರಬೇತಿಗೆ ರೈತರೊಬ್ಬರು ‘ಪೂರ್ತಿ ಕೆಟ್ಟಿದೆ, ಎಸೆಯುವುದೊಂದೇ ಬಾಕಿ’ ಎಂದು ತಂದಿದ್ದ ಹೆಲ್ಮೆಟ್ಟಿಗೆ ಬೇಕಾಗಿದ್ದದ್ದು ಆ ಗುಂಡಿಯ ಅರ್ಧ ತಿರುವು ಮಾತ್ರ. ನನ್ನ ಸಲಹೆಯೆಂದರೆ, ಗ್ರೈಂಡಿಂಗ್‌ಗೆ ಬೇರೆ ಪಾರದರ್ಶಕ ಮುಖಗವಸನ್ನೇ ಇರಿಸಿಕೊಂಡು ವೆಲ್ಡಿಂಗ್ ಹೆಲ್ಮೆಟ್ಟಿನ ಆ ಗುಂಡಿಯನ್ನು ಮುಟ್ಟದೆ ಇರುವುದು ಮೇಲು.

ಎರಡನೆಯದು ಸಂವೇದಕಗಳು. ಸಿಡಿದ ಲೋಹದ ಕಣ, ಹೊಗೆಯ ಮಸಿ, ಗ್ರೀಸು ಅಂಟಿದರೆ ಅವುಗಳಿಗೆ ಕಿಡಿ ಕಾಣುವುದಿಲ್ಲ. ಮೆತ್ತನೆಯ ಹತ್ತಿಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಒರೆಸಬೇಕು. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಬಳಸಿದರೆ ಪಾಲಿಕಾರ್ಬೊನೇಟ್ ಹೊದಿಕೆಯ ಮೇಲೆ ಜೇಡರ ಬಲೆಯಂಥ ಬಿರುಕುಗಳು ಮೂಡುತ್ತವೆ. ಹೆಲ್ಮೆಟ್ಟನ್ನು ನೀರಿನಲ್ಲಿ ಅದ್ದಲೂಬಾರದು. ಹೊಸ ಹೆಲ್ಮೆಟ್ಟಾಗಿದ್ದರೆ, ಹೊರಗಾಜಿನ ಎರಡೂ ಬದಿಗಳಲ್ಲಿರುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕಿತ್ತಿದ್ದೀರೋ ಇಲ್ಲವೋ ನೋಡಿರಿ. ಹೊಸದಾಗಿ ಕಾಣಲೆಂದು ಅದನ್ನು ಹಾಗೆಯೇ ಬಿಟ್ಟು ‘ಮಂಜು ಮಂಜಾಗಿ ಕಾಣುತ್ತದೆ’ ಎಂದು ದೂರುವವರಿದ್ದಾರೆ.

ಮೂರನೆಯದು ಕೆಲಸದ ಭಂಗಿ. ಟ್ರೇಲರಿನ ಅಡಿ ಮಲಗಿ ಅಥವಾ ಚೌಕಟ್ಟಿನ ಸಂದಿಯಲ್ಲಿ ಬೆಸುಗೆ ಹಾಕುವಾಗ ಕಬ್ಬಿಣದ ಪಟ್ಟಿಯೋ ನಿಮ್ಮದೇ ಕೈಯೋ ಸಂವೇದಕಕ್ಕೆ ಅಡ್ಡವಾಗಬಹುದು. ಎರಡು ಸಂವೇದಕಗಳ ಹೆಲ್ಮೆಟ್ಟಿನಲ್ಲಿ ಇದು ಸಾಮಾನ್ಯ. ಯಂತ್ರೋಪಕರಣಗಳ ದುರಸ್ತಿಯಲ್ಲಿ ಇಂಥ ಭಂಗಿಗಳೇ ಹೆಚ್ಚಾದ್ದರಿಂದ ನಾಲ್ಕು ಸಂವೇದಕಗಳುಳ್ಳದ್ದನ್ನು ಆರಿಸುವುದು ಒಳ್ಳೆಯದು.

ಬಿಸಿಲಿನಲ್ಲಿ ಕಿಡಿಯಿಲ್ಲದೆಯೂ ಗಾಜು ಕಪ್ಪಾಗುತ್ತಿದ್ದರೆ ಅದು ದೋಷವಲ್ಲ. ಸಂವೇದನೆಯ ಗುಂಡಿಯನ್ನು ತುಸು ತಗ್ಗಿಸಿ ಅಥವಾ ನೆರಳಿಗೆ ಸರಿಯಿರಿ. ಬೆಸುಗೆಯ ನಡುವೆ ಗಾಜು ಮಿಣುಕುತ್ತಿದ್ದರೆ ಸಂವೇದನೆಯನ್ನು ಹೆಚ್ಚಿಸಿ ನೋಡಿ. ಆಗಲೂ ಮಿಣುಕಿದರೆ ಸೆಲ್ ಕಡೆಗೆ ಗಮನ ಹರಿಸಬೇಕು.

ಸೆಲ್ ಮತ್ತು ಸೌರಫಲಕ

ಬಹಳಷ್ಟು ಹೆಲ್ಮೆಟ್ಟುಗಳಲ್ಲಿ ಸಿಆರ್ 2032 ಅಥವಾ ಸಿಆರ್ 2450 ಎಂಬ ಬಿಲ್ಲೆಯಾಕಾರದ ಲಿಥಿಯಂ ಸೆಲ್ಲುಗಳಿರುತ್ತವೆ. ಕೆಲವಕ್ಕೆ ರಿಮೋಟಿಗೆ ಹಾಕುವ ಸಣ್ಣ ಸೆಲ್ಲುಗಳು ಸಾಕು. ಫಿಲ್ಟರಿನ ಒಳಬದಿಯಲ್ಲಿ ಸಣ್ಣ ಮುಚ್ಚಳ ಅಥವಾ ಹೊರಗೆಳೆಯುವ ತಟ್ಟೆ ಕಂಡರೆ ಸೆಲ್ ಬದಲಿಸಬಹುದೆಂದು ಅರ್ಥ.

‘ಸೋಲಾರ್ ಇದೆಯಲ್ಲ, ಸೆಲ್ ಏಕೆ?’ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಹೆಲ್ಮೆಟ್ಟಿನ ಮುಂದಿರುವ ಸೌರಫಲಕವು ಕಿಡಿಯ ಬೆಳಕಿನಿಂದ ವಿದ್ಯುತ್ ಒದಗಿಸಿ ಸೆಲ್ಲಿನ ಹೊರೆಯನ್ನು ಇಳಿಸುತ್ತದೆಯೇ ಹೊರತು ಸಿಆರ್ ಮಾದರಿಯ ಸೆಲ್ಲನ್ನು ಚಾರ್ಜ್ ಮಾಡುವುದಿಲ್ಲ. ಆ ಸೆಲ್ಲುಗಳು ಮರುಪೂರಣಕ್ಕೆ ಮಾಡಿದವಲ್ಲ. ಅದೇ ಅಳತೆಯಲ್ಲಿ ಎಲ್‌ಐಆರ್ ಎಂದು ಗುರುತಿರುವ, ಚಾರ್ಜ್ ಮಾಡಬಹುದಾದ ಸೆಲ್ಲುಗಳೂ ಅಂಗಡಿಯಲ್ಲಿ ಸಿಗುತ್ತವೆ. ಅವುಗಳ ವೋಲ್ಟೇಜ್ ಹೆಚ್ಚು. ಸಿಆರ್ ಎಂದಿರುವ ಕಡೆ ಅವನ್ನು ಹಾಕಬಾರದು.

ಹೊಸ ಸಿಆರ್ ಸೆಲ್ ಮಲ್ಟಿಮೀಟರಿನಲ್ಲಿ 3 ವೋಲ್ಟಿಗಿಂತ ತುಸು ಹೆಚ್ಚು ತೋರಿಸುತ್ತದೆ. 2.8ಕ್ಕಿಂತ ಕಡಿಮೆಯಿದ್ದರೆ ಬದಲಿಸಿರಿ. ಆದರೆ ಮೀಟರನ್ನೇ ಪೂರ್ತಿ ನಂಬುವಂತಿಲ್ಲ. ದಣಿದ ಸೆಲ್ ಹೊರೆಯಿಲ್ಲದಾಗ 3 ವೋಲ್ಟ್ ತೋರಿಸಿ, ಕೆಲಸಕ್ಕೆ ಹಚ್ಚಿದೊಡನೆ ಕುಸಿಯಬಹುದು. ಎರಡು ಸೆಲ್ಲುಗಳಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಸೆಲ್ಲಿನ ಮುಖವನ್ನು ಬೆವರುಗೈಯಿಂದ ಮುಟ್ಟದೆ ಅಂಚಿನಲ್ಲಿ ಹಿಡಿಯಿರಿ. ಧನ, ಋಣ ಗುರುತುಗಳನ್ನು ನೋಡಿ ಕೂರಿಸಿರಿ. ಬಿತ್ತನೆಗೆ ಉಪಕರಣಗಳನ್ನು ಸಜ್ಜುಗೊಳಿಸುವ ಮೇ ತಿಂಗಳಿನಲ್ಲಿ ವರ್ಷಕ್ಕೊಮ್ಮೆ ಸೆಲ್ ಬದಲಿಸುವ ರೂಢಿಯಿಟ್ಟುಕೊಂಡರೆ ಜೂನ್‌ನಲ್ಲಿ ಪರದಾಡಬೇಕಾಗುವುದಿಲ್ಲ.

ತೆಗೆದ ಬಿಲ್ಲೆ ಸೆಲ್ಲನ್ನು ಕಿಟಕಿಯ ಕಟ್ಟೆಯ ಮೇಲೆ ಇಡಬೇಡಿ. ಮಕ್ಕಳು ಅದನ್ನು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗುವಷ್ಟು ಅಪಾಯವಿದೆ. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹಳೆಯ ಸೆಲ್ಲಿನ ಎರಡೂ ಮುಖಗಳಿಗೆ ಟೇಪ್ ಸುತ್ತಿ ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಮುಚ್ಚಳವಿಲ್ಲದ ಫಿಲ್ಟರನ್ನು ಬಿಚ್ಚಬಹುದೇ?

ಅಗ್ಗದ ಹೆಲ್ಮೆಟ್ಟುಗಳಲ್ಲಿ ಸೆಲ್ಲನ್ನು ಒಳಗೆ ಬೆಸೆದು ಪೆಟ್ಟಿಗೆಯನ್ನು ಅಂಟಿಸಿ ಮುಚ್ಚಿರುತ್ತಾರೆ. ಎರಡು ಮೂರು ವರ್ಷ ನಡೆದು ಅವು ನಿಂತಾಗ, ಪೆಟ್ಟಿಗೆಯನ್ನು ಬ್ಲೇಡಿನಿಂದ ಸೀಳಿ ಹೊಸ ಸೆಲ್ ಬೆಸೆಯುವ ಕೈಚಳಕದವರು ನಮ್ಮ ಊರುಗಳಲ್ಲಿ ಇದ್ದಾರೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿಯೂ ಮಾಡಿಕೊಡುತ್ತಾರೆ. ಹಣ ಉಳಿಯುತ್ತದೆಂಬುದು ನಿಜ. ಆ ಜಾಣ್ಮೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಇದನ್ನು ಶಿಫಾರಸು ಮಾಡಲಾಗದು.

ಪಂಪ್‌ಸೆಟ್ಟಿನ ಸ್ಟಾರ್ಟರ್ ದುರಸ್ತಿ ಮಾಡಿದರೆ ಮೋಟಾರು ತಿರುಗುವುದನ್ನು ನೋಡಿ ಕೆಲಸ ಸರಿಯಾಯಿತೆಂದು ತಿಳಿಯಬಹುದು. ಬಿಚ್ಚಿ ಅಂಟಿಸಿದ ಫಿಲ್ಟರ್ ಕಪ್ಪಾಗುವುದನ್ನು ಕಾಣಬಹುದು, ಆದರೆ ಅದು 11ಕ್ಕೆ ತಲುಪಿತೋ 8ಕ್ಕೆ ನಿಂತಿತೋ, ಸಾಕಷ್ಟು ಬೇಗ ಕಪ್ಪಾಯಿತೋ ಎಂಬುದನ್ನು ಅಳೆಯುವ ಉಪಕರಣ ಹಳ್ಳಿಯಲ್ಲಿಲ್ಲ. ಸೀಳುವಾಗ ಲೇಪಿತ ಗಾಜಿನ ಅಂಚು ಚಕ್ಕೆ ಎದ್ದಿದ್ದರೆ, ಮೊದಲ ಮಳೆಗಾಲದಲ್ಲಿ ತೇವ ಒಳಸೇರಿದರೆ ಅದೂ ಹೊರಗೆ ಕಾಣದು. ಅಳೆಯಲಾಗದ ದುರಸ್ತಿಯನ್ನು ಕಣ್ಣಿನ ಮುಂದೆ ಇಟ್ಟುಕೊಳ್ಳುವುದು ಬೇಡ.

ಅಂಥ ಹೆಲ್ಮೆಟ್ ತಿಂಗಳುಗಟ್ಟಲೆ ಕತ್ತಲಲ್ಲಿ ಇದ್ದು ಸ್ತಬ್ಧವಾಗಿದ್ದರೆ, ಬೆಳಗಿನ ಎಳೆಬಿಸಿಲಿನಲ್ಲಿ ಅರ್ಧ ಗಂಟೆ ಮುಂಭಾಗ ಮೇಲಾಗಿ ಇಟ್ಟು ಪರೀಕ್ಷಿಸಿರಿ. ಚೇತರಿಸಿಕೊಂಡರೆ ಸರಿ. ಇಲ್ಲವಾದರೆ ಫಿಲ್ಟರನ್ನೇ ಬದಲಿಸಬೇಕು.

ಪರೀಕ್ಷಿಸುವ ವಿಧಾನ

ಪ್ರತಿ ದಿನದ ಮೊದಲ ಕಿಡಿಗೂ ಮುನ್ನ ಪರೀಕ್ಷೆ ಅಗತ್ಯ. ಪರೀಕ್ಷಾ ಗುಂಡಿಯಿದ್ದರೆ ಒತ್ತಿ ನೋಡಿ. ಇಲ್ಲವಾದರೆ ಸಂವೇದನೆಯನ್ನು ಗರಿಷ್ಠಕ್ಕೆ ಇರಿಸಿ, ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ನೆರಳಿನಿಂದ ಬಿಸಿಲಿಗೆ ತಿರುಗಿಸಿರಿ. ಬಹಳಷ್ಟು ಮಾದರಿಗಳು ಕಪ್ಪಾಗುತ್ತವೆ. ಟಿ.ವಿ. ರಿಮೋಟನ್ನು ಸಂವೇದಕದ ಹತ್ತಿರ ಹಿಡಿದು ಗುಂಡಿ ಒತ್ತಿದರೆ ಹಲವು ಹೆಲ್ಮೆಟ್ಟುಗಳಲ್ಲಿ ಗಾಜು ಮಿಣುಕುತ್ತದೆ. ರಿಮೋಟ್ ಹೊರಸೂಸುವುದು ಅವಕೆಂಪು ಬೆಳಕಾದ್ದರಿಂದ ಸಂವೇದಕ ಅದನ್ನು ಗುರುತಿಸುತ್ತದೆ. ಹೆಲ್ಮೆಟ್ ಧರಿಸಿ ಸೂರ್ಯನನ್ನು ನೋಡುವುದಾಗಲಿ, ‘ಕಪ್ಪಾಗುತ್ತದೆಯೇ ನೋಡೋಣ’ ಎಂದು ನೇರವಾಗಿ ಕಿಡಿ ಹೊತ್ತಿಸುವುದಾಗಲಿ ಕೂಡದು.

ಗಾಜು ಕಪ್ಪಾದಾಗ ಒಂದು ಬದಿ ದಟ್ಟ, ಇನ್ನೊಂದು ಬದಿ ತಿಳಿಯಾಗಿ ಕಂಡರೆ, ಮೋಡದಂಥ ಮಚ್ಚೆ ಅಥವಾ ಅಂಚಿನಿಂದ ಹಬ್ಬಿದ ಕಲೆ ಇದ್ದರೆ, ಫಿಲ್ಟರಿನಲ್ಲಿ ಕೂದಲೆಳೆಯ ಬಿರುಕು ಕಂಡರೂ ಅದರ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಎತ್ತರದಿಂದ ಕಲ್ಲುನೆಲಕ್ಕೆ ಬಿದ್ದ ಹೆಲ್ಮೆಟ್ಟನ್ನು ಹಗಲು ಬೆಳಕಿಗೆ ಹಿಡಿದು ಹೀಗೆ ನೋಡದೆ ಬಳಸಬಾರದು. ಗಾಜು ಸರಿಯಾಗಿದ್ದೂ ಚಿಪ್ಪಿನಲ್ಲಿ ಬಿರುಕು ಅಥವಾ ಸುಟ್ಟ ತೂತು ಇದ್ದರೆ ಚಿಪ್ಪನ್ನು ಬದಲಿಸಿರಿ. ಎಂಸೀಲ್ ಮೆತ್ತಿ, ಕಾದ ತಂತಿಯಿಂದ ಹೊಲಿದು ಬಳಸುವುದು ಬೇಡ.

ಇವಕ್ಕೆ ಹೋಲಿಸಿದರೆ ಹೊರಗಾಜು, ಒಳಗಾಜು, ತಲೆಪಟ್ಟಿ, ಬೆವರುಪಟ್ಟಿ ಇವೆಲ್ಲ ಸವೆಯಲೆಂದೇ ಇರುವ ಭಾಗಗಳು. ಹೊರಗಾಜಿನ ತುಂಬ ಕಣಗಳು ಅಂಟಿ ಕೆಲಸ ಕಾಣದಂತಾದರೆ ಶೇಡ್ ತಗ್ಗಿಸಬೇಡಿ, ಹೊರಗಾಜನ್ನು ಬದಲಿಸಿ. ಹೊರಗಾಜಿಲ್ಲದೆ ಒಂದು ಬೆಸುಗೆಯನ್ನೂ ಹಾಕಬಾರದು. ಒಂದೇ ಸಿಡಿತ ಫಿಲ್ಟರನ್ನು ಹಾಳುಮಾಡಬಲ್ಲದು.

ಹೊಸದನ್ನು ಕೊಳ್ಳುವಾಗ

ಚಿಪ್ಪು ಗಟ್ಟಿಯಿದ್ದರೆ ಫಿಲ್ಟರನ್ನಷ್ಟೇ ಕೊಳ್ಳಬಹುದು. ಸಾಮಾನ್ಯ ಅಳತೆ 110 × 90 ಮಿ.ಮೀ. ಆದರೂ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ದಪ್ಪವನ್ನೂ ಹೋಲಿಸಿರಿ. ಸಡಿಲವಾಗಿ ಕೂರುವ ಫಿಲ್ಟರಿನ ಸಂದಿಯಿಂದ ನೇರಳಾತೀತ ಕಿರಣ ಒಳಬರುತ್ತದೆ. ಟೇಪಿನಿಂದ ತುಂಬಿಸಿದ ಸಂದಿ ಶಾಖಕ್ಕೆ ಮತ್ತೆ ತೆರೆದುಕೊಳ್ಳುತ್ತದೆ. ಫಿಲ್ಟರಿನ ಬೆಲೆ ಇಡೀ ಹೆಲ್ಮೆಟ್ಟಿನ ಅರ್ಧ ಬೆಲೆಯನ್ನು ಮೀರಿದರೆ ಹೊಸ ಹೆಲ್ಮೆಟ್ಟೇ ಲೇಸು.

ಪೆಟ್ಟಿಗೆಯ ಮೇಲಿನ ಬಣ್ಣದ ಬರಹಕ್ಕಿಂತ ಫಿಲ್ಟರಿನ ಮೇಲೆಯೇ ಅಚ್ಚಾದ ಗುರುತು ಮುಖ್ಯ. ಯುರೋಪಿನ ಇಎನ್ 379 ಮಾನಕದ ಫಿಲ್ಟರಿನ ಮೇಲೆ 4/9-13 ಎಂದಿದ್ದರೆ ತಿಳಿ ಸ್ಥಿತಿಯಲ್ಲಿ ಶೇಡ್ 4, ಕಪ್ಪು ಸ್ಥಿತಿಯಲ್ಲಿ 9ರಿಂದ 13ರವರೆಗೆ ಎಂದರ್ಥ. ನಂತರ ಬರುವ 1/1/1/2ರಂಥ ನಾಲ್ಕು ಅಂಕಿಗಳು ಗಾಜಿನ ದೃಶ್ಯ ಗುಣಮಟ್ಟವನ್ನು ಹೇಳುತ್ತವೆ. 1 ಉತ್ತಮ, 3 ಕನಿಷ್ಠ. ಕೊನೆಯ ಅಂಕಿ ಓರೆಯಾಗಿ ನೋಡಿದಾಗ ಕಪ್ಪು ಎಷ್ಟು ಸಮನಾಗಿರುತ್ತದೆ ಎಂಬುದರದು. ಮಲಗಿ ಕೆಲಸ ಮಾಡುವವರು ಅದನ್ನು ಗಮನಿಸಬೇಕು. ಅಮೆರಿಕದ ಮಾನಕವಾದರೆ ಜಡ್ 87 ಎಂಬ ಗುರುತಿರುತ್ತದೆ. ಯಾವ ಗುರುತೂ ಇಲ್ಲದ ಫಿಲ್ಟರ್ ನೇರಳಾತೀತ ಕಿರಣವನ್ನು ತಡೆಯುತ್ತದೆಂದು ನಂಬಲು ಆಧಾರವಿಲ್ಲ. ‘ಕೆಟ್ಟರೂ ಕಿರಣದ ತಡೆ ಇರುತ್ತದೆ’ ಎಂದು ಮೇಲೆ ಹೇಳಿದ ಮಾತು ಅಂಥವಕ್ಕೆ ಅನ್ವಯಿಸದು.

ಶೇಡ್ ಆಯ್ಕೆ ಕರೆಂಟನ್ನು ಅವಲಂಬಿಸಿದೆ. 2.5 ಮಿ.ಮೀ. ರಾಡನ್ನು 60ರಿಂದ 90 ಆಂಪಿಯರಿನಲ್ಲಿ ಬಳಸುವಾಗ 9 ಅಥವಾ 10, 3.15 ಮಿ.ಮೀ. ರಾಡಿಗೆ 90ರಿಂದ 130 ಆಂಪಿಯರಿನಲ್ಲಿ 10 ಅಥವಾ 11, 4 ಮಿ.ಮೀ. ರಾಡಿಗೆ 11 ಅಥವಾ 12 ಸೂಕ್ತ. ಗ್ಯಾಸ್ ಕಟಿಂಗ್‌ಗೆ ಈ ಹೆಲ್ಮೆಟ್ ತಕ್ಕದ್ದಲ್ಲ. ಅದರ ಜ್ವಾಲೆಗೆ ಸಂವೇದಕ ಸ್ಪಂದಿಸುತ್ತದೆಂಬ ಭರವಸೆಯಿಲ್ಲ. 4 ಅಥವಾ 5ನೇ ಶೇಡ್‌ನ ಕನ್ನಡಕ ಬೇಕು.

ಇನ್ನೊಂದು ಮಾತನ್ನು ಮಾರಾಟಗಾರರು ಹೇಳುವುದಿಲ್ಲ. ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ವೆಲ್ಡಿಂಗ್ ಮಾಡುವ ರೈತನಿಗೆ ತಾನಾಗಿ ಕಪ್ಪಾಗುವ ಹೆಲ್ಮೆಟ್ ಅನಿವಾರ್ಯವಲ್ಲ. 10 ಅಥವಾ 11ನೇ ಶೇಡ್‌ನ ಕಪ್ಪು ಗಾಜು ಹಾಕಿದ ಸಾದಾ ಹೆಲ್ಮೆಟ್ಟಿಗೆ ಸೆಲ್ ಇಲ್ಲ, ಸಂವೇದಕವಿಲ್ಲ, ಆರು ತಿಂಗಳು ಅಟ್ಟದ ಮೇಲಿದ್ದರೂ ಅದು ಕೈಕೊಡುವುದಿಲ್ಲ. ಕಿಡಿ ಹೊತ್ತಿಸುವ ಮುನ್ನ ಏನೂ ಕಾಣದೆ ತಡವರಿಸಬೇಕಾಗುತ್ತದೆ ಎಂಬುದೊಂದು ಕೊರತೆ. ನಾಲ್ಕು ದಿನದ ಅಭ್ಯಾಸದಿಂದ ಅದು ತಗ್ಗುತ್ತದೆ. ದಿನವೂ ನೂರಾರು ಚುಕ್ಕೆ ಬೆಸುಗೆ ಹಾಕುವವರಿಗೆ, ಎರಡೂ ಕೈಗಳಿಗೆ ಕೆಲಸವಿರುವವರಿಗೆ ಸ್ವಯಂಚಾಲಿತ ಹೆಲ್ಮೆಟ್ಟಿನಿಂದ ನಿಜವಾದ ಅನುಕೂಲವಿದೆ. ಅಂಥವರೂ ಒಂದು ಸಾದಾ ಗುರಾಣಿಯನ್ನು ಗೋಡೆಗೆ ತೂಗುಹಾಕಿರಲಿ.

ಕಣ್ಣಿಗೆ ವೆಲ್ಡಿಂಗ್ ಬೆಳಕು ಹೊಡೆದರೆ

ನೇರಳಾತೀತ ಕಿರಣ ಕಣ್ಣಿನ ಕರಿಗುಡ್ಡೆಯ ಮೇಲ್ಪದರವನ್ನು ಸುಡುತ್ತದೆ. ನೋವು ಕೂಡಲೇ ಬರುವುದಿಲ್ಲ. ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ, ಬಹುಮಟ್ಟಿಗೆ ನಡುರಾತ್ರಿಯಲ್ಲಿ, ಉರಿ, ನೀರು ಸುರಿಯುವುದು, ಬೆಳಕು ಸಹಿಸಲಾಗದಿರುವುದು ಕಾಣಿಸಿಕೊಳ್ಳುತ್ತದೆ. ಹೆಲ್ಮೆಟ್ ಧರಿಸಿಯೂ ಹೀಗಾದರೆ ಫಿಲ್ಟರ್ ನಕಲಿಯೋ, ಬಿರುಕು ಬಿಟ್ಟಿದೆಯೋ, ಬೆನ್ನ ಹಿಂದಿನ ತಗಡು ಅಥವಾ ಸುಣ್ಣದ ಗೋಡೆಯಿಂದ ಬೆಳಕು ಪ್ರತಿಫಲಿಸಿತೋ ಹುಡುಕಬೇಕು.

ಕಣ್ಣನ್ನು ಉಜ್ಜದೆ, ಮುಚ್ಚಿದ ರೆಪ್ಪೆಯ ಮೇಲೆ ತಣ್ಣೀರಿನ ಶುದ್ಧ ಬಟ್ಟೆಯಿಟ್ಟು ಕತ್ತಲ ಕೋಣೆಯಲ್ಲಿ ವಿಶ್ರಮಿಸಿ, ಬೆಳಗ್ಗೆ ವೈದ್ಯರನ್ನು ಕಾಣಬೇಕು. ಎದೆಹಾಲು, ಹರಳೆಣ್ಣೆ, ಆಲೂಗಡ್ಡೆಯ ರಸಗಳನ್ನು ಕಣ್ಣಿಗೆ ಬಿಡುವ ರೂಢಿ ಇನ್ನೂ ಉಳಿದಿದೆ. ತಂಪಿನಿಂದ ಹಿತವೆನಿಸಬಹುದಾದರೂ ಸುಟ್ಟ ಪದರಕ್ಕೆ ಸೋಂಕು ತಗಲುವ ದಾರಿ ಅದು. ಮರಗಟ್ಟಿಸುವ ಹನಿಯನ್ನು ಔಷಧಿ ಅಂಗಡಿಯಿಂದ ತಂದು ಮತ್ತೆ ಮತ್ತೆ ಹಾಕಿಕೊಳ್ಳುವುದು ಇನ್ನೂ ಅಪಾಯಕಾರಿ. ನೋವು ಅಡಗುತ್ತದೆ, ಗಾಯ ಮಾಯುವುದಿಲ್ಲ. ಈ ಉರಿ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಎರಡು ದಿನ ಮೀರಿದರೆ, ಒಂದೇ ಕಣ್ಣಿನಲ್ಲಿ ಚುಚ್ಚುವ ನೋವಿದ್ದರೆ, ನೋಟದ ನಡುವೆ ಕಪ್ಪು ಚುಕ್ಕೆ ಉಳಿದರೆ ನೇತ್ರತಜ್ಞರ ಬಳಿಗೇ ಹೋಗಬೇಕು. ಗ್ರೈಂಡಿಂಗ್ ಚೂರು ಸಿಕ್ಕಿಕೊಂಡಿದ್ದರೆ ಬೆಂಕಿಕಡ್ಡಿ, ಸೆರಗಿನ ತುದಿಗಳಿಂದ ತೆಗೆಯಲು ಯಾರಿಗೂ ಕಣ್ಣು ಕೊಡಬೇಡಿ.

ಹೆಲ್ಮೆಟ್ ಕಾಪಾಡುವುದು ಧರಿಸಿದವನನ್ನು ಮಾತ್ರ. ಕಬ್ಬಿಣ ಹಿಡಿದು ನಿಂತ ಸಹಾಯಕನಿಗೂ ಕಪ್ಪು ಗಾಜು ಬೇಕು. ಮಕ್ಕಳು ದೂರವಿರಲಿ.

ಸಂಗ್ರಹಣೆ

ಬಹುಪಾಲು ಹೆಲ್ಮೆಟ್ಟುಗಳನ್ನು 55 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖದಲ್ಲಿ ಬಳಸಲು ಮಾಡಿರುತ್ತಾರೆ. ರಾಯಚೂರು, ಕಲಬುರಗಿ ಭಾಗದ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಜೀಪಿನ ಗಾಜಿನ ಕೆಳಗೆ ಅಥವಾ ಟ್ರಾಕ್ಟರಿನ ಕಬ್ಬಿಣದ ಟೂಲ್ ಬಾಕ್ಸಿನಲ್ಲಿ ಶಾಖ ಅದನ್ನು ಮೀರಬಹುದು. ಬಟ್ಟೆಯ ಚೀಲದಲ್ಲಿ ಹಾಕಿ, ಮನೆಯೊಳಗೆ ಒಣಜಾಗದಲ್ಲಿ, ಇಲಿ ಕಡಿಯದಂತೆ ಇಡಬೇಕು. ಹಿಂಗಾರಿನ ಕೆಲಸ ಮುಗಿದು ತಿಂಗಳುಗಟ್ಟಲೆ ಬಳಸುವುದಿಲ್ಲವಾದರೆ ಸೆಲ್ ತೆಗೆದಿಡಿ.

ವಿಸ್ತರಣಾ ಕಾರ್ಯಕರ್ತರಿಗೆ

‘ಹೆಲ್ಮೆಟ್ ಕೆಟ್ಟಿದೆ’ ಎಂದು ರೈತರು ದೂರವಾಣಿ ಮಾಡಿದಾಗ ಮೊದಲು ಕಣ್ಣಿನ ಸ್ಥಿತಿಯನ್ನು ಕೇಳಿರಿ. ಆಮೇಲೆ ಗ್ರೈಂಡಿಂಗ್ ಗುಂಡಿ, ಸಂವೇದಕ, ಸೆಲ್ ಎಂಬ ಕ್ರಮದಲ್ಲಿ ವಿಚಾರಿಸಿರಿ. ಉಪಕರಣಗಳ ಬಾಡಿಗೆ ಕೇಂದ್ರಗಳಲ್ಲಿ ಒಂದೇ ಹೆಲ್ಮೆಟ್ಟನ್ನು ಹಲವರು ಬಳಸುವುದರಿಂದ ಹಿಂದಿನವರು ಯಾವ ಶೇಡ್ ಮತ್ತು ಸಂವೇದನೆಯಲ್ಲಿ ಬಿಟ್ಟುಹೋದರೆಂಬುದು ತಿಳಿದಿರುವುದಿಲ್ಲ. ಅಲ್ಲಿ ಸೆಲ್ ಬದಲಿಸಿದ ದಿನಾಂಕವನ್ನು ಚಿಪ್ಪಿನ ಒಳಬದಿಯಲ್ಲಿ ಬರೆದಿಡಬೇಕು. ಎರಡು ಜೊತೆ ಹೊಸ ಸೆಲ್, ನಾಲ್ಕು ಹೊರಗಾಜು, ಕಪ್ಪು ಗಾಜಿನ ಒಂದು ಕೈಗುರಾಣಿಯನ್ನು ಬಿತ್ತನೆಗೆ ಮೊದಲೇ ತರಿಸಿಡಬೇಕು. ಫಿಲ್ಟರ್ ಕೆಟ್ಟ ದಿನ ರೈತನ ಕೈಗೆ ಆ ಗುರಾಣಿ ಸಿಕ್ಕರೆ ಮುರಿದ ಹಲ್ಲು ಅಂದೇ ಬೆಸೆದು ಕಲ್ಟಿವೇಟರ್ ಹೊಲಕ್ಕೆ ಇಳಿಯುತ್ತದೆ.